ಹಳೆ ಮಾಡಿನ ರೀಪಿನಿಂದ ಕ್ರಿಸ್‌ಮಸ್ ನಕ್ಷತ್ರ

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಹೆಂಚು ಇಳಿಸಿ ಶೀಟ್ ಹಾಕಿಸಿದೆವು. ಕೊಡಗಿನ ಸಿದ್ದಾಪುರದ ಕಡೆಯ ಮಳೆ ಗೊತ್ತಲ್ಲ. ಒಂದು ಹೆಂಚು ಜಾರಿದರೆ ಸಾಕು, ಅಟ್ಟದಲ್ಲಿಟ್ಟ ಕರಿಮೆಣಸಿನ ಚೀಲಕ್ಕೆ ಬೂಷ್ಟು ಗ್ಯಾರಂಟಿ. ಹೆಂಚನ್ನು ಯಾರೋ ಕೊಟ್ಟಿಗೆ ಕಟ್ಟುವವರು ಕೊಂಡು ಹೋದರು. ಪಕ್ಕಾಸಿನಲ್ಲಿ ಗಟ್ಟಿ ಇದ್ದದ್ದು ಶೆಡ್ಡಿಗಾಯಿತು. ಉಳಿದದ್ದು ರೀಪು, ಅಂದರೆ ಹೆಂಚು ಕೂರಿಸಲು ಪಕ್ಕಾಸಿನ ಮೇಲೆ ಅಡ್ಡ ಹೊಡೆಯುವ ಪಟ್ಟಿ. ಎರಡು ಇಂಚು ಅಗಲ, ಒಂದು ಇಂಚು ದಪ್ಪದ ಉದ್ದುದ್ದ ಪಟ್ಟಿಗಳು. ಮೈತುಂಬ ಮೊಳೆ, ಮಸಿ, ಜೇಡರ ಬಲೆ. ಕಾಫಿ ಕಣದ ಮೂಲೆಯಲ್ಲಿ ರಾಶಿ ಬಿದ್ದಿದ್ದವು.

"ಹಂಡೆ ಒಲೆಗೆ ಎರಡು ಮಳೆಗಾಲಕ್ಕೆ ಸಾಕು" ಅಂದರು ಮನೆಯವರು. ನನಗೆ ಮನಸ್ಸು ಬರಲಿಲ್ಲ. ಅದರಲ್ಲಿ ಅರ್ಧ ಹಲಸು. ಹಲಸಿನ ಮರವನ್ನು ಸ್ನಾನದ ನೀರು ಕಾಯಿಸೋಕೆ ಸುಡುವುದು ಅಂದರೆ ನನ್ನ ಕೈಲಾಗದ ಮಾತು. ಟಾರ್ಪಾಲ್ ಹೊದಿಸಿ, ಇಟ್ಟಿಗೆ ಮೇಲೆ ಎತ್ತಿ ಇಡಿಸಿದೆ. ಮಳೆಗಾಲ ಪೂರ್ತಿ ಅದು ಅಲ್ಲೇ ಇತ್ತು.

ನಮ್ಮದು ಕೊಂಕಣಿ ಕ್ರೈಸ್ತರ ಮನೆ. ಡಿಸೆಂಬರ್ ಬಂತೆಂದರೆ ಕುಶಾಲನಗರದಿಂದ ಒಂದು ಪ್ಲಾಸ್ಟಿಕ್ ನಕ್ಷತ್ರ, ಒಂದಿಷ್ಟು ಜರಿ, ಥರ್ಮಾಕೋಲ್ ಹಾಳೆ ಬರುತ್ತದೆ. ಕಾಗದದ ನಕ್ಷತ್ರ ನಮ್ಮಲ್ಲಿ ನಿಲ್ಲುವುದಿಲ್ಲ. ಬೆಳಗಿನ ಮಂಜಿಗೆ ನೆಂದು ನಾಲ್ಕೇ ದಿನಕ್ಕೆ ಜೋತು ಬೀಳುತ್ತದೆ. ಈ ಸಲ ಮರದ್ದೇ ಮಾಡೋಣ ಅನ್ನಿಸಿತು. ಮೊಬೈಲಿನಲ್ಲಿ ಹುಡುಕಿದರೆ ರಾಶಿ ರಾಶಿ ಚಿತ್ರ. ಬಣ್ಣ ಅಲ್ಲಲ್ಲಿ ಕಿತ್ತುಬಂದ, ಅಂಚು ಸವೆದ, ಅಜ್ಜಿ ಕಾಲದ್ದು ಅನ್ನಿಸುವಂಥ ಮರದ ನಕ್ಷತ್ರ, ಮರದ ಕ್ರಿಸ್‌ಮಸ್ ಟ್ರೀ. ಹೊಸ ಮರಕ್ಕೆ ಬಣ್ಣ ಹಚ್ಚಿ, ಉಜ್ಜಿ, ಬಡಿದು ಹಳತರ ಹಾಗೆ ಮಾಡುತ್ತಾರೆ.

ಆ ಚಿತ್ರಗಳನ್ನು ನೋಡ್ತಾ ನೋಡ್ತಾ ಒಂದು ಕಿರಿಕಿರಿ ಶುರುವಾಯಿತು. ಹೆಚ್ಚಿನವು ಸುಳ್ಳು ಹೇಳುತ್ತಿದ್ದವು. ಎಲ್ಲ ಅಂಚೂ ಒಂದೇ ಸಮ ಸವೆದಿದೆ. ಎಲ್ಲ ಕಡೆ ಒಂದೇ ಅಳತೆಯ ಗಾಯ. ಹುಳದ ತೂತು ಸಾಲಾಗಿ ನಿಂತಿವೆ. ಮರಕ್ಕೆ ವಯಸ್ಸಾಗುವುದು ಹೀಗಾ?

ಎದ್ದು ಹೋಗಿ ನಮ್ಮ ಮನೆಯ ಮುಂಬಾಗಿಲನ್ನು ಮೊದಲ ಸಲ ಸರಿಯಾಗಿ ನೋಡಿದೆ. ಚಿಲಕದ ಸುತ್ತ ಒಂದು ಅಂಗೈಯಗಲ ಮರ ಕಪ್ಪಾಗಿ ಹೊಳೆಯುತ್ತದೆ. ಅದು ಕೈಯ ಎಣ್ಣೆ, ಬೆವರು. ಅದರಿಂದ ಒಂದು ಅಡಿ ಮೇಲೆ ಬಣ್ಣ ಇವತ್ತಿಗೂ ಹೊಸದರ ಹಾಗಿದೆ, ಯಾಕೆಂದರೆ ಅಲ್ಲಿ ಯಾರೂ ಮುಟ್ಟುವುದಿಲ್ಲ. ಬಾಗಿಲಿನ ಕೆಳಗಿನ ಒಂದು ಗೇಣು ಬೂದುಬಣ್ಣ. ಮಳೆನೀರು ಸಿಡಿಯುವ ಜಾಗ ಅದು. ಹೊಸ್ತಿಲು ನಡುವೆ ತಗ್ಗು, ಎರಡು ತುದಿಯಲ್ಲಿ ಚೌಕ ಹಾಗೇ ಉಳಿದಿದೆ. ಪಡುವಣ ಕಿಟಕಿಯ ಹೊರಮೈ ಬೆಳ್ಳಿಯ ಬಣ್ಣಕ್ಕೆ ತಿರುಗಿದೆ, ಒಳಮೈ ಕಂದು. ಬಿಸಿಲು ಮರದ ಮೇಲ್ಪದರದ ಲಿಗ್ನಿನ್ ಅನ್ನುವ ಅಂಟನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬರೀ ನಾರು. ಅದಕ್ಕೇ ಆ ಬೂದು.

ಅಂದರೆ ಸವೆತಕ್ಕೆ ಪ್ರತಿ ಸಲವೂ ಒಂದು ಕಾರಣ ಇದೆ. ಕೈ, ಕಾಲು, ನೀರು, ಬಿಸಿಲು, ಹೊಗೆ. ಕಾರಣ ಇಲ್ಲದ ಕಡೆ ಉಪ್ಪು ಕಾಗದ (ಸ್ಯಾಂಡ್‌ಪೇಪರ್) ಉಜ್ಜಿದರೆ ನೋಡುವವರ ಕಣ್ಣು ಅದನ್ನು ಒಪ್ಪುವುದಿಲ್ಲ. ಏನು ತಪ್ಪು ಅಂತ ಹೇಳೋಕೆ ಬರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆಮೇಲೆ ನಾನು ಯಾವ ತುಂಡು ಕೈಗೆತ್ತಿಕೊಂಡರೂ ಮೊದಲು ಕೇಳಿಕೊಂಡದ್ದು ಇದನ್ನೇ: ಇದನ್ನು ಎಲ್ಲಿ ಹಿಡಿಯುತ್ತಾರೆ? ಯಾವ ಕಡೆ ಗೋಡೆಗೆ ತಾಗುತ್ತದೆ? ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ?

ನವೆಂಬರಿನಲ್ಲಿ ಟಾರ್ಪಾಲ್ ತೆಗೆದು ರೀಪು ಬಿಡಿಸಿದೆವು. ಆಗಲೇ ಗೊತ್ತಾಗಿದ್ದು, ರಾಶಿ ಒಂದೇ ಆದರೂ ಮರ ಒಂದೇ ಅಲ್ಲ. ಅಡುಗೆಮನೆಯ ಮೇಲಿದ್ದ ರೀಪಿನ ಕೆಳಮೈ ಕಪ್ಪು, ಮೆರುಗೆಣ್ಣೆ ಹಚ್ಚಿದ ಹಾಗೆ ಹೊಳಪು. ಎಷ್ಟೋ ವರ್ಷದ ಸೌದೆ ಒಲೆಯ ಹೊಗೆ ಅಲ್ಲಿ ಕೂತು ಗಟ್ಟಿಯಾಗಿದೆ. ಅದಕ್ಕೆ ಹುಳ ಬಾಯಿ ಹಾಕಿರಲಿಲ್ಲ. ಮಲಗುವ ಕೋಣೆಯ ಮೇಲಿನದು ತಿಳಿ ಕಂದು, ಧೂಳು ಒರೆಸಿದರೆ ಹಲಸಿನ ಹಳದಿ ಇಣುಕುತ್ತದೆ. ಮೇಲ್ಮೈಯಲ್ಲಿ ಹೆಂಚು ಕೂತಿದ್ದ ಕಡೆ ತೆಳು, ಸಂದಿಯಲ್ಲಿ ಕಪ್ಪು, ಹೀಗೆ ಪಟ್ಟೆ ಪಟ್ಟೆ. ಜಗುಲಿಯ ಕಡೆಯದು ಸಿಲ್ವರ್ ಓಕ್, ಯಾವಾಗಲೋ ರಿಪೇರಿಗೆ ಹಾಕಿದ್ದಿರಬೇಕು. ಆಸ್ಟ್ರೇಲಿಯಾದಿಂದ ನೆರಳಿಗೆಂದು ಬಂದ ಮರ, ಈಗ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬುವುದೇ ಅದರ ಮೇಲೆ. ಸೀಳಿದಾಗ ಮೈಮೇಲೆ ಮೀನಿನ ಹುರುಪೆಯಂಥ ಹೊಳೆವ ಚಿತ್ತಾರ ಕಾಣುತ್ತದೆ. ಆದರೆ ಅದರ ಹುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ ಬರುತ್ತದೆ. ನನ್ನ ಮಗನಿಗೆ ಕೈತುಂಬ ಕೆಂಪು ಗುಳ್ಳೆ ಎದ್ದವು. ಉದ್ದ ತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡುವುದು ಒಳ್ಳೆಯದು.

ರೀಪು ಸಿಗದವರಿಗೆ ಪ್ಯಾಲೆಟ್ ಮರ, ಅಂದರೆ ಸರಕು ಪೇರಿಸುವ ಹಲಗೆ ಚೌಕಟ್ಟಿನ ಮರ, ಇದ್ದೇ ಇದೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿವೆ, ಅಂಥ ಕಡೆ ಮುರಿದ ಪ್ಯಾಲೆಟ್ ಕೇಳಿದರೆ ಕೊಡುವುದುಂಟು. ಹೊರದೇಶಕ್ಕೆ ಹೋಗಿಬರುವ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತದೆ, ಅದನ್ನು ಓದಬೇಕು. ಎಚ್‌ಟಿ ಅಂದರೆ ಬಿಸಿ ಕೊಟ್ಟು ಹುಳ ಸಾಯಿಸಿದ್ದು. ಮರದ ತಿರುಳು 56 ಡಿಗ್ರಿಗೆ ಬಂದು 30 ನಿಮಿಷ ಹಾಗೇ ಇರಬೇಕು ಅನ್ನುವುದು ನಿಯಮ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಮನೆಯೊಳಗೆ ತರಬೇಡಿ. ಇನ್ನೊಂದು ಮಾತು. ಯಾರಾದರೂ ಬೀಟೆ ತುಂಡು ಇದೆ, ತೇಗದ ತುಂಡು ಇದೆ, ಅಗ್ಗಕ್ಕೆ ಕೊಡ್ತೀನಿ ಅಂದರೆ ಬಿಲ್ ಇಲ್ಲದೆ ಮುಟ್ಟಲೇಬಾರದು. ಕೊಡಗಿನಲ್ಲಿ ಬೀಟೆಯ ಕಾನೂನು ಎಷ್ಟು ಬಿಗಿ ಅಂತ ತೋಟ ಇದ್ದವರನ್ನು ಕೇಳಿ, ಸಂಜೆ ತನಕ ಹೇಳುತ್ತಾರೆ.

ಮೊಳೆ ಕೀಳುವುದು ದೊಡ್ಡ ಕೆಲಸ. ಅಷ್ಟೇ ಮುಖ್ಯವಾದ ಕೆಲಸ. ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ, ತಲೆ ಎದ್ದ ಮೇಲೆ ಇಕ್ಕಳದಲ್ಲಿ ಹಿಡಿದು ತಿರುಗಿಸಿ ಎಳೆಯಬೇಕು. ಸೀದಾ ಎಳೆದರೆ ತುಕ್ಕು ಹಿಡಿದ ಮೊಳೆ ಅರ್ಧಕ್ಕೇ ಮುರಿಯುತ್ತದೆ. ಸೀಮೆಎಣ್ಣೆ ಒಂದು ಹನಿ ಬಿಟ್ಟು ರಾತ್ರಿ ಬಿಟ್ಟರೆ ಬೆಳಿಗ್ಗೆ ಸಡಿಲ ಆಗಿರುತ್ತದೆ. ಕಿತ್ತ ಮೊಳೆಗಳನ್ನು ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತವೆ.

ಮೊಳೆ ಕಿತ್ತ ತೂತನ್ನು ಹತ್ತಿರದಿಂದ ನೋಡಿ. ತೂತಿನ ಸುತ್ತ ನೀಲಿ-ಕಪ್ಪು ಉಂಗುರ. ನಾರಿನ ಗುಂಟ ಮೇಲಕ್ಕೂ ಕೆಳಕ್ಕೂ ಅರ್ಧ ಇಂಚು ಹರಡಿರುತ್ತದೆ, ಅಡ್ಡಕ್ಕೆ ಮಾತ್ರ ಕಾಳಿನಷ್ಟೂ ಹೋಗಿರುವುದಿಲ್ಲ. ತುಕ್ಕು ಅಂದರೆ ಕೆಂಪಗೆ ಇರಬೇಕಲ್ವಾ, ಇದ್ಯಾಕೆ ಕಪ್ಪು? ಮರದಲ್ಲಿ ಒಗರು ಇರುತ್ತದೆ, ಟ್ಯಾನಿನ್. ತೇವದಲ್ಲಿ ಕಬ್ಬಿಣ ಕರಗಿ ಆ ಒಗರಿಗೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕಬ್ಬಿಣ ಮತ್ತು ಒಗರಿನಿಂದ. ನನ್ನ ಇಡೀ ಕೆಲಸಕ್ಕೆ ದಾರಿ ಸಿಕ್ಕಿದ್ದು ಈ ಉಂಗುರದಿಂದ.

ಮರ ಒಣಗಿಸುವುದಕ್ಕೆ ಕಣವೇ ಬೇಕಿತ್ತು. ಅಲ್ಲಿ ಆಗಲೇ ಅರೇಬಿಕಾ ಹರಡಿತ್ತು. ಹಣ್ಣು ಒಣಗುವ ಹೊತ್ತಿನಲ್ಲಿ ಕಣದಲ್ಲಿ ಒಂದು ಗೇಣು ಜಾಗ ಕೇಳುವುದೂ ತಪ್ಪೇ. ಪುತ್ತರಿ ಹಬ್ಬಕ್ಕೆ ಕೆಲಸದವರೆಲ್ಲ ರಜೆ ಹಾಕಿದ ಮೇಲೆ ಅಂಚಿನಲ್ಲಿ ಒಂದು ಸಾಲು ಸಿಕ್ಕಿತು. ವೈರ್ ಬ್ರಷ್ ಹಿಡಿದು, ನಾರಿನ ಗುಂಟ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟೆ. ನೀರು ಹಾಕಿ ತೊಳೆಯಲಿಲ್ಲ. ತೊಳೆದರೆ ಹೊಗೆಯ ಹೊಳಪು ಹೋಗುತ್ತದೆ. ಹುಳದ ತೂತಿದ್ದ ಪಟ್ಟಿಗಳನ್ನು ಬೇರೆ ಮಾಡಿ, ಕೆಳಗೆ ಬಿಳಿ ಕಾಗದ ಹಾಸಿ ಇಟ್ಟೆ. ಮರುದಿನ ಕಾಗದದ ಮೇಲೆ ಹಿಟ್ಟಿನಂಥ ಹುಡಿ ಬಿದ್ದಿದ್ದರೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಅಂಥವನ್ನು ಹಂಡೆ ಒಲೆಗೇ ಕೊಟ್ಟೆ. ಮನೆಯವರಿಗೆ ಅಷ್ಟಾದರೂ ಸಮಾಧಾನ.

ಒಂದು ಇಂಚು ದಪ್ಪದ ರೀಪು ನಕ್ಷತ್ರಕ್ಕೆ ಭಾರ. ಸೀಳಿ ತೆಳು ಮಾಡಿಸಬೇಕು. ಊರಿನ ಆಚಾರಿ ಹತ್ತಿರ ತಗೊಂಡು ಹೋದರೆ ಅವರು ಪಟ್ಟಿ ತಿರುಗಿಸಿ ಮುರುಗಿಸಿ ನೋಡಿ, "ಮೊಳೆ ಒಂದು ಸಿಕ್ಕಿದ್ರೂ ಬ್ಲೇಡಿನ ದುಡ್ಡು ನೀವೇ ಕೊಡ್ಬೇಕು" ಅಂದರು. ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ಪ್ರತಿ ಪಟ್ಟಿಯ ಮೇಲೆ ಎಳೆದು ತೋರಿಸಿದ ಮೇಲೆಯೇ ಮಷೀನ್ ಆನ್ ಮಾಡಿದ್ದು. "ಇದಕ್ಕೆ ಬಣ್ಣ ಹೊಡೆದು, ಮತ್ತೆ ಆ ಬಣ್ಣ ಕೆರೆಯೋದಾ? ಮೊದಲೇ ಹೊಡೀದಿದ್ರೆ ಆಗಲ್ವಾ?" ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆ.

ಉತ್ತರ ಸೀಳಿದ ಕೂಡಲೇ ಸಿಕ್ಕಿತು. ಹಳೆ ಮೈ ಒಂದು ಕಡೆ, ಗರಗಸ ಹಾಯ್ದ ಹೊಸ ಮೈ ಇನ್ನೊಂದು ಕಡೆ. ಹಲಸಿನ ಹೊಸ ಮೈ ಅರಿಶಿನ ಹಳದಿ, ಕಣ್ಣಿಗೆ ಹೊಡೆಯುತ್ತದೆ. ಇದೇ ಮರದ ಚಕ್ಕೆ ಬೇಯಿಸಿ ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದರಂತೆ ಅಂದರೆ ಎಷ್ಟು ಹಳದಿ ಅಂತ ನೀವೇ ಊಹಿಸಿ. ಒಂದೇ ನಕ್ಷತ್ರದಲ್ಲಿ ಒಂದು ಮೈ ಅಜ್ಜ, ಒಂದು ಮೈ ಮೊಮ್ಮಗ. ಹೊಸ ಮೈಯನ್ನು ಹಳೆ ಮೈಗೆ ಹೊಂದಿಸುವುದೇ ನನ್ನ ಕೆಲಸ, ಸುಮ್ನೆ ಶೋಕಿಗೆ ಹಾಳು ಮಾಡುವುದಲ್ಲ.

ನಕ್ಷತ್ರದ ಲೆಕ್ಕ ಸುಲಭ. ಒಂದೇ ಉದ್ದದ ಐದು ಪಟ್ಟಿ ಸಾಕು. ನಾನು 45 ಸೆಂಟಿಮೀಟರ್ ಉದ್ದ, ಒಂದು ಇಂಚು ಅಗಲ, ಬಾಗುವಷ್ಟು ತೆಳು ಇಟ್ಟುಕೊಂಡೆ. ಮಕ್ಕಳು ಪೆನ್ಸಿಲ್ ಎತ್ತದೆ ಐದು ಗೆರೆಯಲ್ಲಿ ನಕ್ಷತ್ರ ಬರೆಯುತ್ತಾರಲ್ಲ, ಪಟ್ಟಿ ಜೋಡಿಸುವುದೂ ಅದೇ ಕ್ರಮ. ಪ್ರತಿ ತುದಿಯಲ್ಲಿ ಎರಡು ಪಟ್ಟಿ 36 ಡಿಗ್ರಿಗೆ ಕೂಡಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು, ಅದನ್ನು 72 ಡಿಗ್ರಿಗೊಂದರಂತೆ ಐದು ಭಾಗ ಮಾಡಿ, ಆ ಗುರುತಿನ ಮೇಲೆ ತುದಿಗಳನ್ನಿಟ್ಟರೆ ಕೋನ ತಾನಾಗೇ ಬರುತ್ತದೆ. ನಡುವೆ ಪಟ್ಟಿಗಳು ಒಂದರ ಮೇಲೊಂದು ಹಾಯುವಾಗ ಚಾಪೆ ಹೆಣೆದ ಹಾಗೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ತೂರಿಸಬೇಕು. ತೆಳು ಪಟ್ಟಿ ಸ್ವಲ್ಪ ಬಾಗುತ್ತದೆ, ಆ ಬಿಗಿಗೇ ನಕ್ಷತ್ರ ಗಟ್ಟಿ ನಿಲ್ಲುತ್ತದೆ. ತುದಿಗಳಿಗೆ ಫೆವಿಕಾಲ್, ಒಂದೊಂದು ಸಣ್ಣ ಮೊಳೆ. ಆದರೆ ಅಂಟಿಸುವುದು ಕೊನೆಗೆ. ಬಣ್ಣ, ಕಪ್ಪು ಎಲ್ಲ ಬಿಡಿ ಪಟ್ಟಿಗಳಿಗೇ ಆಗಬೇಕು, ಯಾಕೆಂದರೆ ಅಂಟು ಸೋರಿದ ಕಡೆ ಮರ ಆಮೇಲೆ ಏನನ್ನೂ ಕುಡಿಯುವುದಿಲ್ಲ.

ಈಗ ಕಪ್ಪಿನ ವಿಷಯ. ಕಿತ್ತ ಮೊಳೆಗಳನ್ನು ಒಂದು ಹಳೆ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಮುಳುಗುವಷ್ಟು ಬಿಳಿ ವಿನೆಗರ್ ಹೊಯ್ದೆ. ಬೇಗ ಆಗಬೇಕಾದರೆ ಬಣ್ಣದಂಗಡಿಯ ಸ್ಟೀಲ್ ವುಲ್ ಹಾಕಬಹುದು, ಒಂದೆರಡು ದಿನಕ್ಕೆ ಕರಗುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ನಡೆಯಲ್ಲ. ಅದು ಸ್ಟೇನ್‌ಲೆಸ್, ವರ್ಷ ಇಟ್ಟರೂ ಹಾಗೇ ಇರುತ್ತದೆ. ಮೊಳೆಗೆ ಟೈಂ ಜಾಸ್ತಿ ಬೇಕು, ಆದರೆ ಪುಕ್ಕಟೆ. ಮುಚ್ಚಳ ಬಿಗಿ ಮಾಡಬೇಡಿ. ಒಳಗೆ ಹೈಡ್ರೋಜನ್ ಗುಳ್ಳೆ ಏಳುತ್ತಿರುತ್ತದೆ, ಬಾಟಲಿ ಒಡೆಯಬಹುದು. ಒಲೆಯ ಹತ್ತಿರವೂ ಇಡಬೇಡಿ. ನಾನು ಬಟ್ಟೆ ಕಟ್ಟಿ ಹಿತ್ತಲಿನ ಕಟ್ಟೆಯ ಮೇಲಿಟ್ಟೆ. ನೀರು ಚಹಾ ಬಣ್ಣಕ್ಕೆ ಬಂದಾಗ ಬಟ್ಟೆಯಲ್ಲಿ ಸೋಸಿಕೊಂಡೆ.

ಪಕ್ಕದ ಮನೆಯ ಅಜ್ಜಿ ನೋಡಿ, "ಹುಳಿ ಬೇಕಾದ್ರೆ ಕಾಚಂಪುಳಿ ಹಾಕು, ಅದೇ ಕಪ್ಪಗಿರ್ತದೆ" ಅಂದರು. ಕಾಚಂಪುಳಿ ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸ. ಅಜ್ಜಿ, ಕಾಚಂಪುಳಿ ರೇಟ್ ಗೊತ್ತಾ ನಿಮಗೆ? ಅದನ್ನು ಮರಕ್ಕೆ ಬಳಿದರೆ ಪಂದಿಕರಿಗೆ ಏನು ಹಾಕೋದು?

ಈ ನೀರನ್ನು ಬ್ರಷ್‌ನಲ್ಲಿ ಸಿಲ್ವರ್ ಓಕ್ ಮೇಲೆ ಎಳೆದರೆ ಮೊದಲು ಏನೂ ಆಗುವುದಿಲ್ಲ. ಐದಾರು ನಿಮಿಷ ಬಿಟ್ಟು ನೋಡಿದರೆ ತೆಳು ಬೂದು. ಆ ಮರದಲ್ಲಿ ಒಗರು ಕಡಿಮೆ. ಅದಕ್ಕೆ ಮೊದಲು ಕಡು ಚಹಾ ಕಷಾಯ ಬಳಿದು, ಒಣಗಿಸಿ, ಆಮೇಲೆ ಮೊಳೆ ನೀರು ಬಳಿಯಬೇಕು. ಆಗ ಕಣ್ಣೆದುರೇ ಕಪ್ಪಾಗುತ್ತದೆ, ಬ್ರಷ್ ಮುಂದೆ ಹೋದಂತೆ ಹಿಂದೆ ಬಣ್ಣ ಬದಲಾಗುತ್ತಾ ಬರುತ್ತದೆ. ಮಗ ಅದೊಂದನ್ನೇ ಮತ್ತೆ ಮತ್ತೆ ಮಾಡಿಸಿದ. ಕೊಡಗಿನಲ್ಲಿ ಕೂತು ಚಹಾ ಯಾಕೆ ಅಂತ ಕಾಫಿ ಡಿಕಾಕ್ಷನ್ನೂ ಬಳಿದು ನೋಡಿದೆ. ಬರೀ ಡಿಕಾಕ್ಷನ್ ತಿಳಿ ಕಂದು, ಅಷ್ಟೇನೂ ಹಿಡಿಯುವುದಿಲ್ಲ. ಅದರ ಮೇಲೆ ಮೊಳೆ ನೀರು ಬಿದ್ದರೆ ಸ್ವಲ್ಪ ಹಸಿರು ಬೆರೆತ ಬೂದು ಬರುತ್ತದೆ, ಪಾಚಿ ಒಣಗಿದ ಬೇಲಿಗೂಟದ ಬಣ್ಣ. ನನಗೆ ಅದೇ ಜಾಸ್ತಿ ಇಷ್ಟವಾಯಿತು. ಹಲಸಿಗೆ ಚಹಾನೂ ಬೇಡ, ಕಾಫಿನೂ ಬೇಡ. ಅದರ ಹಳದಿಯೇ ಕಬ್ಬಿಣದ ಜೊತೆ ಸೇರಿ ಖಾಕಿಯಾಗುತ್ತದೆ, ಇನ್ನೊಂದು ಕೈ ಹಾಕಿದರೆ ಗಾಢ ಕಂದು.

ಬಳಿಯುವುದೂ ಎಲ್ಲ ಕಡೆ ಅಲ್ಲ. ಮೊಳೆ ತೂತಿನ ಸುತ್ತ ನಾರಿನ ಗುಂಟ ಒಂದೊಂದು ಹನಿ ಬಿಟ್ಟೆ. ಹಳೆ ಮೈಯಲ್ಲಿದ್ದ ಉಂಗುರದ ಜೋಡಿ ಹೊಸ ಮೈಯಲ್ಲೂ ಮೂಡಿತು. ಅದನ್ನು ಮಾಡಿದ್ದು ಅದೇ ಮೊಳೆಯ ಕಬ್ಬಿಣ ತಾನೆ, ಗುರುತು ಹಿಡಿಯೋಕೆ ಆಗುವುದಿಲ್ಲ. ತುಂಡಾದ ತುದಿಗಳಿಗೆ ಜಾಸ್ತಿ ಬಳಿದೆ. ನಿಜವಾದ ಮರದಲ್ಲೂ ತುದಿಯೇ ಹೆಚ್ಚು ನೀರು ಕುಡಿಯುವುದು, ತುದಿಯೇ ಮೊದಲು ಕಪ್ಪಾಗುವುದು.

ಬಣ್ಣಕ್ಕೆ ಎರಡು ಪದರ ಬೇಕು. ಕೆಳಗೆ ಒಂದು, ಮೇಲೆ ಒಂದು, ನಡುವೆ ಮೇಣ. ನಾನು ಕೆಳಗೆ ಇಟ್ಟಿಗೆ ಕೆಂಪು, ಮೇಲೆ ಸುಣ್ಣದಂಥ ಬಿಳಿ ಇಟ್ಟುಕೊಂಡೆ. ಎರಡೂ ಮಾಮೂಲಿ ಗೋಡೆಯ ಎಮಲ್ಷನ್, ಮನೆಗೆ ಹೊಡೆದು ಮಿಕ್ಕಿದ್ದು. ಕೆಂಪು ಒಣಗಿದ ಮೇಲೆ ಮೋಂಬತ್ತಿ ತುಂಡನ್ನು ಎಲ್ಲಿ ಸವೆಯಬೇಕೋ ಅಲ್ಲಿ ಮಾತ್ರ ಒತ್ತಿ ಉಜ್ಜಬೇಕು. ಕೆಲವು ಕಡೆ ಕೆಂಪಿಗೂ ಮೊದಲೇ, ಬರೀ ಮರದ ಮೇಲೂ ಉಜ್ಜಿದೆ. ಮೇಣ ಇದ್ದ ಕಡೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ಬಿಳಿ ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೂ ಸಿಪ್ಪೆಯ ಹಾಗೆ ಏಳುತ್ತದೆ. ಒಂದು ಕಡೆ ಬಿಳಿ ಹೋಗಿ ಕೆಂಪು, ಇನ್ನೊಂದು ಕಡೆ ಕೆಂಪೂ ಹೋಗಿ ಮರ. ಆಮೇಲೆ 120 ನಂಬರಿನ ಉಪ್ಪು ಕಾಗದ ಹಗುರಾಗಿ, ಕೊನೆಗೆ 220. ಮೇಣ ಇಲ್ಲದೆ ಬರೀ ಉಪ್ಪು ಕಾಗದದಲ್ಲಿ ಮಾಡಿದರೆ ಅಂಚು ಮಬ್ಬಾಗಿ, ತಿಕ್ಕಿದ್ದು ಅಂತ ಗೊತ್ತಾಗುತ್ತದೆ. ಹಳೆ ಬಣ್ಣ ತಿಕ್ಕಿದಂತೆ ಹೋಗುವುದು ಕೈ ತಾಗುವ ಕಡೆ ಮಾತ್ರ. ಉಳಿದ ಕಡೆ ಅದು ಚಕ್ಕೆ ಏಳುವುದೇ.

ನಕ್ಷತ್ರವನ್ನು ತೂಗುಹಾಕುವಾಗ ಮೇಲಿನ ತುದಿ ಹಿಡಿಯುತ್ತೇವೆ. ಅದಕ್ಕೇ ಅಲ್ಲಿ ಪೂರ್ತಿ ಮರ ಕಾಣುವ ಹಾಗೆ ಮಾಡಿದೆ. ಕೆಳಗಿನ ಎರಡು ತುದಿ ನೆಲಕ್ಕೂ ಪೆಟ್ಟಿಗೆಗೂ ತಾಗುವಂಥವು, ಅಲ್ಲಿ ಪೆಟ್ಟು. ಪೆಟ್ಟು ಬೀಳಿಸಲು ಬೀಗದ ಕೈಗೊಂಚಲು ಒಳ್ಳೆಯದು. ಮೇಲಿಂದ ಬೀಳಿಸಿದರೆ ಪ್ರತಿ ಸಲ ಬೇರೆ ಗುರುತು ಬೀಳುತ್ತದೆ. ನಡುವಿನ ಭಾಗವನ್ನು ಮುಟ್ಟಲೇ ಇಲ್ಲ. ಎಷ್ಟು ಕೆರೆಯಬೇಕು ಅನ್ನುವುದಕ್ಕಿಂತ ಎಲ್ಲಿ ಕೈ ಹಿಂದೆ ತೆಗೆಯಬೇಕು ಅನ್ನುವುದೇ ಕಷ್ಟ. ಉಪ್ಪು ಕಾಗದ ಕೈಯಲ್ಲಿದ್ದರೆ ಮನಸ್ಸು ಇನ್ನೊಂದು ಚೂರು, ಇನ್ನೊಂದು ಚೂರು ಅನ್ನುತ್ತಿರುತ್ತದೆ.

ರಾಶಿಯಲ್ಲಿ ಹಳೆ ಹಸಿರು ಆಯಿಲ್ ಪೇಂಟ್ ಇದ್ದ ಒಂದು ಕಿಟಕಿ ಚೌಕಟ್ಟೂ ಇತ್ತು. ತೋಟದ ಬಂಗಲೆಗಳಲ್ಲಿ ಕಾಣುವ ಹಸಿರು. ಚಕ್ಕೆ ಎದ್ದು ಏನು ಚಂದ ಅಂತೀರಿ, ನಾನು ಏನೂ ಮಾಡುವುದೇ ಬೇಡ ಅನ್ನುವಷ್ಟು. ಆದರೆ ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದರ ಹುಡಿ ಮಕ್ಕಳ ಮೈಗೆ ವಿಷ. ಒಣದಾಗಿ ಉಜ್ಜಲೇಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಏಳುವ ಚಕ್ಕೆಯನ್ನು ಕಾಗದದಲ್ಲಿ ಕಟ್ಟಿ ತೆಗೆದು, ಮೇಲೆ ಎರಡು ಕೈ ವಾರ್ನಿಷ್ ಹಾಕಿ ಮುಚ್ಚಿದೆ. ಅದು ಈಗ ಗೋಡೆಯ ಎತ್ತರದಲ್ಲಿ ಒಂದು ಚೌಕಟ್ಟಾಗಿ ನೇತಾಡುತ್ತಿದೆ. ಯಾರ ಕೈಗೂ ಸಿಗುವುದಿಲ್ಲ. ಅಂಥ ಮರವನ್ನು ಒಲೆಗೂ ಹಾಕಬಾರದು, ಹೊಗೆಯೂ ಬೂದಿಯೂ ಕೆಟ್ಟದ್ದು.

ಕ್ರಿಸ್‌ಮಸ್ ಟ್ರೀ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನಲವತ್ತು ಸೆಂಟಿಮೀಟರಿನಿಂದ ಶುರುಮಾಡಿ ಐದೈದು ಕಡಿಮೆ ಮಾಡುತ್ತಾ ಪಟ್ಟಿ ಕತ್ತರಿಸಿ, ಎರಡು ತುದಿಗೂ ತೂತು ಹಾಕಿ ತೆಂಗಿನ ನಾರಿನ ಹಗ್ಗದಲ್ಲಿ ಒಂದರ ಕೆಳಗೊಂದು ಪೋಣಿಸಿದರೆ ಆಯಿತು. ಅಡುಗೆಮನೆಯ ಮಸಿ ರೀಪು ಇದಕ್ಕೆ ಬಳಸಿದೆ. ಬಣ್ಣ ಹಾಕಲಿಲ್ಲ, ಮಸಿ ಕೈಗೆ ಹತ್ತದಿರಲಿ ಅಂತ ಒಂದು ಪದರ ಫ್ರೆಂಚ್ ಪಾಲಿಶ್ ಮಾತ್ರ. ಸೀಳಿದ ಅಂಚಿನ ಹಳದಿ ಗೆರೆ ಆ ಕಪ್ಪಿನ ಪಕ್ಕ ಹಾಗೇ ಇರಲಿ ಅಂತ ಬಿಟ್ಟೆ. ದೀಪ ಹಚ್ಚಿದರೆ ಅದೇ ಮೊದಲು ಕಾಣುವುದು.

ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಮಾತ್ರ ನನಗೆ ಬೇರೆ ಮರ ಬೇಕಿತ್ತು. 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನುವ ಊರಲ್ಲಿ ಸಂತ ಫ್ರಾನ್ಸಿಸ್ ಮೊದಲ ಗೋದಲಿ ಮಾಡಿದಾಗ ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ್ದರು. ಕೊಟ್ಟಿಗೆ ಕೊಟ್ಟಿಗೆಯ ಹಾಗೇ ಇರಬೇಕು ಅನ್ನುವುದು ನನ್ನ ಹಟ. ಥರ್ಮಾಕೋಲ್ ಕೊಟ್ಟಿಗೆಗೆ ಮಿಣುಮಿಣು ಹುಡಿ ಉದುರಿಸುವುದು ನೋಡಿದರೆ ಮೈಯುರಿಯುತ್ತದೆ. ನಮ್ಮ ಅರೇಬಿಕಾ ಗಿಡಗಳಲ್ಲಿ ಒಂದಷ್ಟು ಬಿಳಿ ಕಾಂಡಕೊರಕ ಹೊಡೆದು ಕಿತ್ತು ಹಾಕಿದ್ದವು. ಈ ಹುಳ ಬಂದ ಗಿಡವನ್ನು ಹಾಗೇ ಬಿಡುವಂತಿಲ್ಲ, ಕಿತ್ತು ಸುಡಬೇಕು. ಸುಡುವ ಮೊದಲು ದಪ್ಪ ಕಾಂಡಗಳನ್ನು ಬೇರೆ ಮಾಡಿ, ಸೀಳಿ, ಒಳಗೆ ಹುಳ ಇಲ್ಲ ಅಂತ ಗಟ್ಟಿಮಾಡಿಕೊಂಡ ತುಂಡುಗಳನ್ನಷ್ಟೇ ಉಳಿಸಿಕೊಂಡೆ. ಕಾಫಿ ಮರ ಗಟ್ಟಿ, ನಯ, ಬೆಣ್ಣೆ ಬಣ್ಣ. ಅದರಲ್ಲಿ ಹುಳ ಕೊರೆದು ಹೋದ ಸುರಂಗ ಅಂಕುಡೊಂಕಾಗಿ ಸುತ್ತಿಕೊಂಡು ಹೋಗಿರುತ್ತದೆ, ಒಳಗೆ ಅದೇ ತುಂಬಿದ ಹುಡಿ ಗಟ್ಟಿಯಾಗಿ ಕೂತಿರುತ್ತದೆ. ಸೂಜಿಯಲ್ಲಿ ಕೆದಕಿ ತೆಗೆದರೆ ಆ ಹಾದಿ ಪೂರ್ತಿ ಬಿಡಿಸಿಕೊಳ್ಳುತ್ತದೆ. ಉಳಿ ಹಿಡಿದು ಕೂತರೂ ನನಗೆ ಹಾಗೆ ಕೊರೆಯೋಕೆ ಬರಲ್ಲ. ತೋಟಕ್ಕೆ ಅಷ್ಟು ನಷ್ಟ ಮಾಡಿದ ಹುಳವನ್ನು ಹೊಗಳುತ್ತಿದ್ದೇನೆ ಅಂತ ಮನೆಯವರಿಗೆ ಕೋಪ. ಕೊಟ್ಟಿಗೆಯ ನಾಲ್ಕು ಕಂಬ ಅದರಲ್ಲೇ ಆಯಿತು. ಮಾಡಿಗೆ ರೀಪಿನ ಚೂರು, ಮೇಲೆ ಒಣಹುಲ್ಲು.

ಕೊನೆಯ ಕೆಲಸ ಮೇಣ. ಜೇನುಮೇಣ ನಮ್ಮಲ್ಲಿ ಸಿಗುವುದು ಕಷ್ಟವಲ್ಲ. ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಅಗಸೆ ಎಣ್ಣೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ಸೀದಾ ಬೆಂಕಿಯ ಮೇಲೆ ಬೇಡ. ತೆಂಗಿನ ಎಣ್ಣೆ ಹಾಕಬಹುದಾ ಅಂತ ಕೇಳುತ್ತಾರೆ. ಅದು ಒಣಗುವುದೇ ಇಲ್ಲ, ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಬೇಲಿಯ ಮೇಲೆ ಹರವಬೇಕು, ಇಲ್ಲವೇ ನೀರಲ್ಲಿ ನೆನೆಸಿಡಬೇಕು.

ಡಿಸೆಂಬರ್ ಎರಡನೇ ವಾರಕ್ಕೆ ನಕ್ಷತ್ರಗಳು ಜಗುಲಿಯಲ್ಲಿ ತೂಗಿದವು. ಬೇಲಿಯ ಪಾಯಿನ್‌ಸೆಟ್ಟಿಯಾ ಆಗ ಕೆಂಪಗೆ ಅರಳಿರುತ್ತದೆ, ಆ ಕೆಂಪಿನ ಪಕ್ಕ ಸುಣ್ಣದ ಬಿಳಿ ಚೆನ್ನಾಗಿ ಕಂಡಿತು. ಕ್ಯಾರೋಲ್ ಹಾಡಲು ಬಂದ ಹುಡುಗರಲ್ಲಿ ಒಬ್ಬ, "ಆಂಟಿ, ಇದು ನಿಮ್ಮ ಅಜ್ಜಂದಾ?" ಅಂತ ಕೇಳಿದ. ಮರ ಅಜ್ಜಂದು ಅಂತ ಹೇಳಿದೆ, ಸುಳ್ಳೇನಲ್ಲವಲ್ಲ. ಚರ್ಚಿನ ಸಣ್ಣ ಮಾರಾಟಕ್ಕೆ ಕೆಲವು ಕೊಟ್ಟೆ. ಹೋಮ್‌ಸ್ಟೇ ನಡೆಸುವವರು ಕೇಳಿದ ತಕ್ಷಣ ತಗೊಂಡರು. ನಮ್ಮ ಕಡೆಯವರು ಮಾತ್ರ ಕೈಯಲ್ಲಿ ಹಿಡಿದು, "ಚೆನ್ನಾಗಿದೆ, ಆದ್ರೆ ಹೊಸ ಬಣ್ಣ ಹೊಡೆದದ್ದು ಇಲ್ವಾ?" ಅಂದರು. ಮನೆತುಂಬ ಹಳೆ ಮರ ಇಟ್ಟುಕೊಂಡವರು ಹಳೆಯದನ್ನೇ ಯಾಕೆ ಕೊಂಡಾರು? ಅವರಿಗೆಂದು ಮುಂದಿನ ಸಲಕ್ಕೆ ಕೆಂಪು ಪೂರ್ತಿ ಉಳಿಸಿದ ಕೆಲವು ಮಾಡಬೇಕು ಅಂತಿದ್ದೇನೆ.

ಆಚಾರಿಯೂ ಬಂದು ನೋಡಿದರು. ಕೊಡವರ ಒಂದು ಐನ್‌ಮನೆಯ, ಅಂದರೆ ಮನೆತನದ ಹಿರಿಮನೆಯ, ಬಾಗಿಲಿಗೆ ತೇಪೆ ಹಾಕುವ ಕೆಲಸ ಹಿಡಿದಿದ್ದರಂತೆ, ಹೊಸ ತುಂಡು ಎದ್ದು ಕಾಣುತ್ತಿದೆ ಅಂತ ಆ ಮನೆಯವರ ತಕರಾರು. ನಕ್ಷತ್ರದ ಮೊಳೆ ತೂತನ್ನು ಉಗುರಿನಲ್ಲಿ ಕೆರೆದು, ಮೂಗಿಗೆ ಹಿಡಿದು, "ಆ ನೀರು ಒಂದು ಬಾಟ್ಲಿ ಕೊಡಿ" ಅಂದರು. ಮೊದಲು ಚೂರು ಮರದ ಮೇಲೆ ಹಾಕಿ ನೋಡಿ ಅಂತ ಹೇಳಿ ಕೊಟ್ಟೆ. ಒಂದೊಂದು ಮರ ಒಂದೊಂದು ಥರ ಕುಡಿಯುತ್ತದೆ.

ಈಗ ಉಳಿದಿರುವ ಚಿಂತೆ ಜೂನ್. ಮರದ ವಸ್ತುವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಪಾಟಿಗೆ ಹಾಕಿದರೆ ಆಗಸ್ಟಿಗೆ ಹಸಿರು ಕೋಟು ಹಾಕಿಕೊಂಡು ಹೊರಗೆ ಬರುತ್ತದೆ. ನ್ಯೂಸ್ ಪೇಪರಿನಲ್ಲಿ ಸುತ್ತಿ, ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮೆಣಸಿನ ಚೀಲದ ಪಕ್ಕ ಇಟ್ಟಿದ್ದೇನೆ. ಒಲೆಯ ಶಾಖ ತಾಗುವ ಜಾಗ ಅದು. ಆದರೂ ಬೂಷ್ಟು ಬಂದರೆ ಬಿಳಿ ವಿನೆಗರಿನಲ್ಲಿ ಒರೆಸಿ ಒಣಗಿಸಿದರೆ ಹೋಗುತ್ತದೆ. ಬಿಳಿ ವಿನೆಗರ್, ಮೊಳೆ ಹಾಕಿದ್ದಲ್ಲ. ಎರಡು ಬಾಟಲಿಯೂ ಒಂದೇ ಕಟ್ಟೆಯ ಮೇಲಿವೆ, ಮನೆಯವರು ಒಂದು ಸಲ ಉಪ್ಪಿನಕಾಯಿ ಅಂತ ಮೂಸಿ ನೋಡಿದ್ದೂ ಆಗಿದೆ. ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ್ದೇನೆ.